ಮನೆಯೊಳಗೆ ಹಕ್ಕಿ ಬಂತು, ಈಗ ಎಂತ ಮಾಡೋದು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಹಕ್ಕಿ ನೋಡಲು ದುರ್ಬೀನು ಬೇಕಾಗಿಲ್ಲ. ಹಕ್ಕಿಯೇ ಮನೆಗೆ ಬರ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ನವಿಲು. ಕಾಲಿಂಗ್ ಬೆಲ್ಲಿನ ವಯರಿನಲ್ಲಿ ಸೂರಕ್ಕಿಯ ಗೂಡು. ಜಗಲಿಯಲ್ಲಿ ತೂಗಿಬಿಟ್ಟ ಹೂವಿನ ಕುಂಡದಲ್ಲಿ ಪಿಕಳಾರದ ಮೊಟ್ಟೆ. ಒಮ್ಮೊಮ್ಮೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾವುದೋ ಹೆಸರು ಗೊತ್ತಿಲ್ಲದ ಹಕ್ಕಿ ಸೀದಾ ಚಾವಡಿಗೆ ನುಗ್ಗಿ, ಟ್ಯೂಬ್‌ಲೈಟಿಗೆ ಸುತ್ತು ಹಾಕಿ, ಕಪಾಟಿನ ಮೇಲೆ ಕೂತು ನಮ್ಮನ್ನೇ ನೋಡ್ತದೆ. ಮಕ್ಕಳಿಗೆ ಖುಷಿಯೋ ಖುಷಿ. ಅಜ್ಜಿಗೆ ಶಕುನದ ಚಿಂತೆ. ಅಪ್ಪನ ಕೈಯಲ್ಲಿ ಮೊಬೈಲು. ಆ ಗದ್ದಲದಲ್ಲಿ ಹಕ್ಕಿಯ ಗತಿ ಎಂತ ಎಂದು ಯೋಚಿಸುವವರು ಕಡಿಮೆ.

ನಮ್ಮಲ್ಲೇ ಯಾಕೆ ಇಷ್ಟು ಹತ್ತಿರ ಬರ್ತವೆ? ಉತ್ತರ ನಮ್ಮ ಮನೆಗಳು ಇರುವ ಜಾಗದಲ್ಲೇ ಉಂಟು. ಘಟ್ಟದ ಮೇಲಿನ ಊರುಗಳ ಹಾಗೆ ನಮ್ಮ ಹಳ್ಳಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ತೋಟದ ನಡುವೆ ಒಂದು, ಗುಡ್ಡೆಯ ಬುಡದಲ್ಲಿ ಒಂದು, ಬೈಲಿನ ಆಚೆ ಇನ್ನೊಂದು. ಬೆಳ್ತಂಗಡಿಯ ಮನೆಗಳ ಹಿಂದೆ ಚಾರ್ಮಾಡಿ, ಕುದುರೆಮುಖದ ಕಾಡು. ಬಂಟ್ವಾಳದ ಮನೆಗಳ ಎದುರು ನೇತ್ರಾವತಿ ಮತ್ತು ಅದರ ತೋಡುಗಳು. ಮೂಡುಬಿದಿರೆಯಲ್ಲಿ 18 ಬಸದಿ, 18 ಕೆರೆ ಎಂದು ಹಿರಿಯರು ಹೇಳುವ ಮಾತೇ ಉಂಟಲ್ಲ. ಅಡಿಕೆ ತೋಟದಲ್ಲಿ ತಂಪು, ಬಾಳೆಯ ಪೂಂಬೆಯಲ್ಲಿ ಜೇನು, ಹಟ್ಟಿಯ ಸುತ್ತ ಹುಳು, ಬಾವಿಯ ಮಣ್ಣಿನ ಗೋಡೆಯಲ್ಲಿ ಮಿಂಚುಳ್ಳಿಗೆ ಬಿಲ. ಹಕ್ಕಿಯ ಲೆಕ್ಕದಲ್ಲಿ ನಮ್ಮ ಮನೆಯೂ ಕಾಡಿನ ಒಂದು ಮೂಲೆ, ಅಷ್ಟೇ.

ಹೀಗೆ ಎದುರುಬದುರಾದಾಗ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಕೆಟ್ಟ ಮನಸ್ಸಿನಿಂದ ಆಗುವಂಥದ್ದಲ್ಲ. ಪಾಪ ಎಂದು ನೀರು ಕುಡಿಸಿ, ಅನ್ನ ತಿನ್ನಿಸಿ, ಪಂಜರದಲ್ಲಿಟ್ಟು ಪ್ರೀತಿಯಿಂದಲೇ ಕೊಲ್ಲುವುದು ಹೆಚ್ಚು. ಹಾಗಾಗಿ ಯಾವ ಹಕ್ಕಿ ಯಾಕೆ ಬಂತು ಎಂದು ಮೊದಲು ತಿಳಿಯುವುದು ಒಳ್ಳೆಯದು.

ರಾತ್ರಿ ಬರುವ ನವರಂಗ

ಅಕ್ಟೋಬರ್ ಹೊತ್ತಿಗೆ, ಮಳೆ ಹಿಂದೆ ಸರಿಯುವ ಸಮಯದಲ್ಲಿ, ಒಂದು ಪುಟ್ಟ ಬಣ್ಣದ ಹಕ್ಕಿ ಮನೆಯ ಗೋಡೆಯ ಬುಡದಲ್ಲೋ ಕಿಟಕಿಯ ಕೆಳಗೋ ಮುದುಡಿ ಕೂತಿರುವುದುಂಟು. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಹೊಟ್ಟೆಯ ಕೆಳಗೆ ಕುಂಕುಮದ ಕೆಂಪು, ಇದ್ದೂ ಇಲ್ಲದಂಥ ಮೋಟು ಬಾಲ. ಅದು ನವರಂಗ. ಉತ್ತರ ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತ ಮತ್ತು ಶ್ರೀಲಂಕಾಕ್ಕೆ ಬರುವ ಹಕ್ಕಿ. ತೂಕ ಹೆಚ್ಚೆಂದರೆ 60 ಗ್ರಾಂ ಆಸುಪಾಸು. ಅಷ್ಟು ಸಣ್ಣ ಜೀವ ಅಷ್ಟು ದೂರವನ್ನು ರಾತ್ರಿಯಲ್ಲೇ ಹಾರಿ ಬರ್ತದೆ. ದಾರಿಯಲ್ಲಿ ನಮ್ಮ ದೀಪಗಳು ಅದರ ದಿಕ್ಕು ತಪ್ಪಿಸುತ್ತವೆ, ಗಾಜಿನ ಕಿಟಕಿಗಳು ತಲೆಗೆ ಹೊಡೆಯುತ್ತವೆ. ನಿಮ್ಮ ಕೈಗೆ ಸಿಕ್ಕಿತೆಂದರೆ ಅದು ಸಾಧುವಾಗಿದೆ ಎಂದಲ್ಲ. ಏಳಲಾಗದಷ್ಟು ದಣಿದಿದೆ, ಇಲ್ಲವೇ ಪೆಟ್ಟಾಗಿದೆ.

ಮಾಡಬೇಕಾದ್ದು ಸುಲಭ. ಒಂದು ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಮಾಡಿ, ಒಳಗೆ ಹಳೆ ಬಟ್ಟೆ ಹಾಸಿ, ಹಕ್ಕಿಯನ್ನು ಮೆತ್ತಗೆ ಇಟ್ಟು ಮುಚ್ಚಿ. ಕತ್ತಲೆ ಮತ್ತು ಮೌನ, ಅದಕ್ಕೆ ಬೇಕಾದ ಮದ್ದು ಇದೇ. ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಮಕ್ಕಳಿಗೆ ತೋರಿಸಬೇಡಿ. ಬಾಯಿಗೆ ನೀರು ಬಿಡಲೇಬೇಡಿ. ಬಲವಂತವಾಗಿ ಬಿಟ್ಟ ನೀರು ಶ್ವಾಸನಾಳಕ್ಕೆ ಹೋದರೆ ಅಲ್ಲಿಗೆ ಮುಗಿಯಿತು. ಒಂದೆರಡು ಗಂಟೆ ಬಿಟ್ಟು, ರಾತ್ರಿಯಾಗಿದ್ದರೆ ಬೆಳಕು ಹರಿದ ಮೇಲೆ, ಪೆಟ್ಟಿಗೆಯನ್ನು ತೋಟಕ್ಕೆ ಒಯ್ದು ಪೊದೆಯ ಪಕ್ಕ ತೆರೆದಿಡಿ. ಶಕ್ತಿ ಬಂದಿದ್ದರೆ ತಾನೇ ಹೋಗ್ತದೆ. ರೆಕ್ಕೆ ಜೋತು ಬಿದ್ದಿದ್ದರೆ, ರಕ್ತ ಬರ್ತಾ ಇದ್ದರೆ, ಆಗ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಹಾರುತ್ತಾ ಮನೆಯೊಳಗೇ ನುಗ್ಗಿದ ಹಕ್ಕಿಯ ವಿಷಯ ಬೇರೆ. ಅಲ್ಲಿ ಮೊದಲ ಕೆಲಸ ಫ್ಯಾನ್ ಆಫ್ ಮಾಡುವುದು. ಎಷ್ಟೋ ಹಕ್ಕಿಗಳು ಸಾಯುವುದು ಫ್ಯಾನಿನ ರೆಕ್ಕೆಗೆ ಸಿಕ್ಕಿ. ಆಮೇಲೆ ಲೈಟ್ ಆರಿಸಿ, ಒಂದು ಕಿಟಕಿ ಅಥವಾ ಬಾಗಿಲು ಮಾತ್ರ ಪೂರ್ತಿ ತೆರೆದು, ಉಳಿದವಕ್ಕೆ ಪರದೆ ಎಳೆದು, ಎಲ್ಲರೂ ಹೊರಗೆ ಬನ್ನಿ. ಬೆಳಕು ಕಂಡ ಕಡೆಗೆ ಹಕ್ಕಿ ಹೋಗ್ತದೆ. ಪೊರಕೆ, ಟವೆಲ್ ಹಿಡಿದು ಓಡಿಸುವುದರಿಂದ ಅದು ಗೋಡೆಗೆ ಬಡಿದುಕೊಳ್ಳುವುದು ಮಾತ್ರ.

ಬಾಡಿಗೆ ಕೊಡದ ಒಕ್ಕಲು

ಜಗಲಿಯಲ್ಲಿ ಗೂಡು ಕಟ್ಟುವವರಲ್ಲಿ ಮುಂದೆ ಇರುವುದು ಪಿಕಳಾರ ಮತ್ತು ಸೂರಕ್ಕಿ. ಮಡಿವಾಳ ಹಕ್ಕಿಗೆ ಗೋಡೆಯ ತೂತು, ಹಳೆ ಪೈಪು ಇಷ್ಟ. ಮನುಷ್ಯರ ಪಕ್ಕದಲ್ಲೇ ಗೂಡು ಕಟ್ಟುವುದರಲ್ಲಿ ಅವಕ್ಕೊಂದು ಲಾಭ ಇರಬೇಕು: ನಾವು ಓಡಾಡುವ ಜಾಗಕ್ಕೆ ಕೆಂಬೂತ, ಕಾಗೆ, ಹಾವು ಬರಲು ಸ್ವಲ್ಪ ಹಿಂಜರಿಯುತ್ತವೆ.

ಗೂಡು ಕಂಡ ಕೂಡಲೇ ಕೆಲವರು ಎರಡು ತಪ್ಪು ಮಾಡ್ತಾರೆ. ಕಸ ಬೀಳ್ತದೆ ಎಂದು ತೆಗೆದು ಬಿಸಾಡುವುದು ಒಂದು. ಚೆನ್ನಾಗಿ ಕಾಣಲಿ ಎಂದು ಮುಚ್ಚಿಕೊಂಡ ಎಲೆಗಳನ್ನು ಕತ್ತರಿಸಿ ದಿನಕ್ಕೆ ಹತ್ತು ಸಲ ಫೋಟೋ ತೆಗೆಯುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ನಾವು ಮಾಡಿಕೊಟ್ಟ ಕಿಂಡಿಯಲ್ಲಿ ಕಾಗೆಯ ಕಣ್ಣೂ ಬೀಳ್ತದೆ. ಪಿಕಳಾರ ಎರಡು ಮೂರು ಮೊಟ್ಟೆ ಇಟ್ಟು, ಸುಮಾರು 12 ದಿನ ಕಾವು ಕೊಟ್ಟು, ಇನ್ನೊಂದು 12 ದಿನದಲ್ಲಿ ಮರಿಗಳನ್ನು ಗೂಡಿನಿಂದ ಹೊರಡಿಸುತ್ತದೆ. ಗೂಡು ಕಟ್ಟುವುದನ್ನೂ ಸೇರಿಸಿದರೆ ಒಂದು ತಿಂಗಳ ವ್ಯವಹಾರ. ಅಷ್ಟು ದಿನ ಆ ಕುಂಡಕ್ಕೆ ಬದಿಯಿಂದ ಮೆಲ್ಲಗೆ ನೀರು ಹಾಕಿ, ಬೆಕ್ಕನ್ನು ದೂರ ಇಟ್ಟರೆ ಸಾಕು. ಕೆಳಗೆ ಒಂದು ಹಳೆ ಪೇಪರ್ ಹಾಸಿದರೆ ನೆಲವೂ ಚೊಕ್ಕ.

ನೆಲಕ್ಕೆ ಬಿದ್ದ ಮರಿ

ಏಪ್ರಿಲ್, ಮೇ ತಿಂಗಳಲ್ಲಿ, ಮಕ್ಕಳಿಗೆ ರಜೆ ಇರುವಾಗಲೇ, ಮರದ ಬುಡದಲ್ಲಿ ಮರಿ ಸಿಗುವುದು ಹೆಚ್ಚು. ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಮೈಮೇಲೆ ಗರಿಯೇ ಇಲ್ಲದ, ಕಣ್ಣು ಬಿಡದ ಮರಿಯಾದರೆ ಅದು ಗೂಡಿನಿಂದ ಬಿದ್ದದ್ದು. ಗೂಡು ಕೈಗೆಟುಕುವಂತಿದ್ದರೆ ತೆಗೆದು ವಾಪಸು ಇಡಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ಎಲ್ಲ ಕಡೆಯೂ ಉಂಟು, ಆದರೆ ಅದು ನಿಜವಲ್ಲ. ನಾವು ಮುಟ್ಟಿದ ಮಾತ್ರಕ್ಕೆ ತಾಯಿ ಹಕ್ಕಿ ಮರಿಯನ್ನು ಬಿಟ್ಟು ಹೋಗುವುದಿಲ್ಲ.

ಮೈತುಂಬ ಗರಿ ಬಂದು, ಬಾಲ ಮಾತ್ರ ಗಿಡ್ಡ ಇದ್ದು, ಕುಪ್ಪಳಿಸುತ್ತಾ ಇರುವ ಮರಿಯಾದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಾ ಇದೆ. ಅಪ್ಪ ಅಮ್ಮ ಹತ್ತಿರದ ಕೊಂಬೆಯಲ್ಲೇ ಕೂತು ನೀವು ಯಾವಾಗ ಆಚೆ ಹೋಗ್ತೀರಿ ಎಂದು ಕಾಯ್ತಾ ಇರ್ತವೆ. ನಾಯಿ ಬೆಕ್ಕಿನ ಭಯ ಇದ್ದರೆ ಎತ್ತಿ ಪಕ್ಕದ ಪೊದೆಯ ಮೇಲೆ ಇಡಿ, ಅಷ್ಟೇ ಸಾಕು. ಹುಂಡುಕೋಳಿಯ ಮರಿಗಳೂ ಹಾಗೆಯೇ. ಕಪ್ಪು ಹತ್ತಿಯ ಉಂಡೆಯಂಥ ಮರಿಗಳು ತೋಡಿನ ಬದಿಯಲ್ಲಿ ಓಡುವಾಗ ತಬ್ಬಲಿ ಎಂದು ಹಿಡಿದು ತಂದು ಮನೆಯ ಕೋಳಿಮರಿಗಳ ಜೊತೆ ಬಿಡುವವರಿದ್ದಾರೆ. ತಾಯಿ ಅಲ್ಲೇ ಕೆಸುವಿನ ಎಲೆಯ ಹಿಂದೆ ಇರ್ತದೆ ಮಾರಾಯ್ರೆ! ನಮ್ಮನ್ನು ಕಂಡು ಅಡಗಿದ್ದು ಅಷ್ಟೇ.

ಅಟ್ಟದ ಗುಮ್ಮ

ಹಳೆ ಹಂಚಿನ ಮನೆಗಳ ಅಟ್ಟದಲ್ಲಿ ಕಣಜ ಗೂಬೆ ಸಂಸಾರ ಹೂಡುವುದುಂಟು. ಅದರ ಮರಿಗಳು ಬಿಳಿ ಮುಖ, ಉದ್ದ ಕಾಲು, ಬುಸ್ ಬುಸ್ ಎಂಬ ಸದ್ದು; ಮೊದಲ ಸಲ ಕಂಡವರು ಹೆದರುವುದರಲ್ಲಿ ಆಶ್ಚರ್ಯವಿಲ್ಲ. 2017ರಲ್ಲಿ ವಿಶಾಖಪಟ್ಟಣದ ಒಂದು ಕಟ್ಟಡದಲ್ಲಿ ಸಿಕ್ಕಿದ ಇಂಥದ್ದೇ ಮರಿಗಳ ವಿಡಿಯೋ 'ಅನ್ಯಗ್ರಹ ಜೀವಿಗಳು' ಎಂದು ದೇಶವೆಲ್ಲ ಸುತ್ತಿತ್ತು. ಅವು ಪಾಪದ ಗೂಬೆ ಮರಿಗಳು, ಬೇರೆ ಏನೂ ಅಲ್ಲ.

ಗೂಬೆ ಕೂಗಿದರೆ ಸಾವು, ಮನೆಗೆ ಬಂದರೆ ಮನೆ ಬಿಡಬೇಕು ಎಂಬ ನಂಬಿಕೆ ನಮ್ಮಲ್ಲಿ ಈಗಲೂ ಹೋಗಿಲ್ಲ. ಅದೇ ಊರಿನಲ್ಲಿ ದೇವಸ್ಥಾನದ ಬ್ರಹ್ಮಕಲಶದ ಹೊತ್ತಿಗೆ ಆಕಾಶದಲ್ಲಿ ಗರುಡ ಸುತ್ತು ಹಾಕಿದರೆ ಎಲ್ಲರೂ ಕೈ ಮುಗಿಯುತ್ತಾರೆ. ಶ್ರಾದ್ಧದ ದಿನ ಕಾಗೆ ಬಂದು ಅನ್ನ ಮುಟ್ಟಲಿ ಎಂದು ಕಾಯುವವರೇ, ಬೇರೆ ದಿನ ಅದೇ ಕಾಗೆ ತಲೆಗೆ ತಾಗಿದರೆ ಸ್ನಾನಕ್ಕೆ ಓಡುತ್ತಾರೆ. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಅಟ್ಟದಲ್ಲಿ ಗೂಬೆ ಇದ್ದರೆ ಇಲಿ ಕಡಿಮೆಯಾಗುವುದು ಮಾತ್ರ ಯಾರ ನಂಬಿಕೆಯನ್ನೂ ಕೇಳುವುದಿಲ್ಲ. ಅಡಿಕೆ, ಭತ್ತ, ತೆಂಗು ಕೂಡಿಡುವ ಮನೆಯವರಿಗೆ ಇದರ ಬೆಲೆ ಗೊತ್ತು. ದೀಪಾವಳಿಯ ಹೊತ್ತಿಗೆ ಮಾಟಮಂತ್ರದ ಹೆಸರಲ್ಲಿ ಗೂಬೆ ಹಿಡಿದು ಮಾರುವ ಜಾಲ ದೇಶದಲ್ಲಿದೆ. ನಿಮ್ಮ ಅಟ್ಟದ ಸುದ್ದಿಯನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕದಿರುವುದು ಲೇಸು.

ಜಗಳಕ್ಕೆ ಬರುವವು

ಬೈಕಿನ ಕನ್ನಡಿಯನ್ನು ದಿನವಿಡೀ ಕುಟ್ಟುವ ಪಿಕಳಾರ, ಮಡಿವಾಳವನ್ನು ನೀವು ನೋಡಿರಬಹುದು. ಕಾರಿನ ಹೊಳೆಯುವ ಬಾಗಿಲಿಗೆ ನವಿಲು ಒದ್ದು ಗೀರು ಹಾಕುವುದೂ ಉಂಟು. ಹಕ್ಕಿಗೆ ಹುಚ್ಚು ಹಿಡಿದದ್ದಲ್ಲ. ಗೂಡು ಕಟ್ಟುವ ಕಾಲದಲ್ಲಿ ತನ್ನ ಜಾಗಕ್ಕೆ ಇನ್ನೊಬ್ಬ ಬಂದಿದ್ದಾನೆ ಎಂದು ತನ್ನ ಪ್ರತಿಬಿಂಬದ ಜೊತೆಗೇ ಕಾದಾಟ. ಕನ್ನಡಿಗೆ ಒಂದು ಬಟ್ಟೆಯ ಚೀಲ ಕಟ್ಟಿದರೆ ಜಗಳ ಮುಗಿಯಿತು.

ಕಾಗೆಯದ್ದು ನಿಜವಾದ ಜಗಳ. ಬೇಸಿಗೆಯಲ್ಲಿ ಮರಿ ಇರುವಾಗ ಮರದ ಕೆಳಗೆ ಹೋಗುವವರ ತಲೆಗೆ ಬಂದು ಬಡಿಯುತ್ತದೆ. ಒಬ್ಬರನ್ನೇ ಹುಡುಕಿ ಹೊಡೀತದೆ ಎಂದು ಜನ ಹೇಳುವುದರಲ್ಲೂ ಸತ್ಯ ಇದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಸಂಗಡಿಗರು ಮುಖವಾಡ ಹಾಕಿಕೊಂಡು ಅಲ್ಲಿನ ಕಾಗೆಗಳನ್ನು ಹಿಡಿದು ಬಿಟ್ಟರು. ವರ್ಷಗಳ ನಂತರವೂ ಆ ಮುಖವಾಡ ಕಂಡರೆ ಸಾಕು, ಕಾಗೆಗಳು ಗುಂಪುಗೂಡಿ ಕಿರುಚಿದವು. ಹಾಗಾಗಿ ಕಲ್ಲು ಹೊಡೆದು ಕಾಗೆಯ ಹಗೆ ಕಟ್ಟಿಕೊಳ್ಳುವುದಕ್ಕಿಂತ ಎರಡು ವಾರ ಕೊಡೆ ಬಿಡಿಸಿಕೊಂಡು ಓಡಾಡುವುದು ಸುಲಭ.

ರಸ್ತೆಗೆ ಹಾರುವ ನವಿಲು

ನಗು ಬರುವ ಸಂಗತಿಗಳು ಇಲ್ಲಿಗೆ ಮುಗಿದವು. ನವಿಲಿನ ವಿಷಯ ಗಂಭೀರ. ಹಿಂದೆ ಚಿತ್ರದಲ್ಲಿ, ಬಯಲುಸೀಮೆಯಲ್ಲಿ ಕಾಣುತ್ತಿದ್ದ ನವಿಲು ಈಗ ನಮ್ಮ ಗುಡ್ಡೆ, ರಬ್ಬರ್ ತೋಟ, ಗದ್ದೆಗಳಲ್ಲಿ ಸಾಮಾನ್ಯ. ತರಕಾರಿ ಬೆಳೆಯುವವರು ಅದರ ಹೆಸರು ಹೇಳಿದರೆ ಉರಿದು ಬೀಳ್ತಾರೆ. ಅವರ ನಷ್ಟವೂ ಸುಳ್ಳಲ್ಲ. ಅದಕ್ಕಿಂತ ದೊಡ್ಡ ಅಪಾಯ ರಸ್ತೆಯಲ್ಲಿದೆ. ಗಂಡು ನವಿಲು 4ರಿಂದ 6 ಕೆ.ಜಿ. ತೂಗ್ತದೆ. ಏರಿದ ದರೆಯ ಮೇಲಿಂದ ಅದು ರಸ್ತೆಗೆ ಅಡ್ಡ ಹಾರುವಾಗ ಎತ್ತರ ಸರಿಯಾಗಿ ಬೈಕ್ ಸವಾರನ ಎದೆಯ ಮಟ್ಟ. ಕೇರಳದ ತ್ರಿಶ್ಶೂರಿನಲ್ಲಿ 2021ರ ಆಗಸ್ಟಿನಲ್ಲಿ ಹೀಗೇ ಹಾರಿ ಬಂದ ನವಿಲು ಬಡಿದು ಬೈಕಿನಲ್ಲಿದ್ದ ಯುವಕನೊಬ್ಬ ಜೀವ ಕಳೆದುಕೊಂಡ; ಜೊತೆಗಿದ್ದ ಹೆಂಡತಿಗೂ ಗಾಯವಾಯಿತು. ಮದುವೆಯಾಗಿ ಕೆಲವೇ ತಿಂಗಳಾಗಿತ್ತು.

ನಮ್ಮ ರಸ್ತೆಗಳ ಎರಡೂ ಬದಿ ದರೆ, ನಡುವೆ ತಿರುವು. ಬೆಳಿಗ್ಗೆ ಮತ್ತು ಸಂಜೆ ನವಿಲುಗಳು ಮೇಯಲು ಇಳಿಯುವ, ಮರ ಹತ್ತುವ ಹೊತ್ತು. ಒಂದು ದಾಟಿತೆಂದು ಗೇರ್ ಏರಿಸಬೇಡಿ, ಹಿಂದೆಯೇ ಇನ್ನೆರಡು ಬರಬಹುದು. ಹೆಲ್ಮೆಟ್ಟಿನ ಗಾಜು ಇಳಿಸಿರಲಿ. ಶಾಲೆ, ಕಾಲೇಜಿಗೆ ಸ್ಕೂಟರಿನಲ್ಲಿ ಹೋಗುವ ಮಕ್ಕಳಿಗೆ ಇದನ್ನು ಒಮ್ಮೆ ಕೂರಿಸಿ ಹೇಳಿ.

ರಂಬುಟಾನ್ ಬೆಳೆಯುವವರೂ ಒಂದು ಮಾತು ಕೇಳಬೇಕು. ಬಾವಲಿ, ಹಕ್ಕಿಗಳಿಂದ ಹಣ್ಣು ಉಳಿಸಲು ಬಲೆ ಹಾಕುವುದು ಅನಿವಾರ್ಯ. ಆದರೆ ತೆಳುವಾದ ನೂಲಿನ, ಸಡಿಲವಾಗಿ ಜೋತುಬಿದ್ದ ಬಲೆಯಲ್ಲಿ ಹಕ್ಕಿಯ ಕಾಲು, ರೆಕ್ಕೆ ಸಿಕ್ಕಿ ಬಿಸಿಲಿಗೆ ಸಾಯ್ತವೆ. ದಪ್ಪ ನೂಲಿನ ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ದಿನಕ್ಕೆರಡು ಸಲ ನೋಡಿ, ಕೊಯ್ಲು ಮುಗಿದ ಕೂಡಲೇ ತೆಗೆಯಿರಿ. ಸಿಕ್ಕಿದ ಹಕ್ಕಿಯನ್ನು ಎಳೆಯದೆ, ಅದರ ತಲೆಗೆ ಬಟ್ಟೆ ಮುಚ್ಚಿ, ಕತ್ತರಿಯಿಂದ ನೂಲು ಕತ್ತರಿಸಿ ಬಿಡಿಸಬೇಕು.

ಸಾಕುವ ಆಸೆ

ಗಾಯವಾದ ಹಕ್ಕಿ ಗುಣವಾಯಿತು. ಈಗ ಕರೆದರೆ ಬರ್ತದೆ, ಹೆಗಲ ಮೇಲೆ ಕೂರ್ತದೆ. ಬಿಡಲು ಮನಸ್ಸು ಬರುವುದಿಲ್ಲ. ನಿಜವಾದ ಪರೀಕ್ಷೆ ಇಲ್ಲಿ.

ಉತ್ತರ ಪ್ರದೇಶದ ಅಮೇಠಿಯ ಆರಿಫ್ ಕಥೆ ನೆನಪಿರಬಹುದು. 2022ರಲ್ಲಿ ಹೊಲದಲ್ಲಿ ಕಾಲು ಮುರಿದು ಬಿದ್ದಿದ್ದ ಸಾರಸ ಕೊಕ್ಕರೆಯೊಂದನ್ನು ಆತ ಆರೈಕೆ ಮಾಡಿದ. ಕಟ್ಟಿಹಾಕಲಿಲ್ಲ, ಪಂಜರದಲ್ಲಿ ಇಡಲಿಲ್ಲ. ಆದರೂ ಗುಣವಾದ ಹಕ್ಕಿ ಹೋಗಲಿಲ್ಲ. ಒಂದೇ ತಟ್ಟೆಯಲ್ಲಿ ಊಟ, ಬೈಕಿನ ಹಿಂದೆ ಹಾರಾಟ. ವಿಡಿಯೋಗಳು ಎಲ್ಲ ಕಡೆ ಹರಿದಾಡಿದವು. 2023ರ ಮಾರ್ಚಿನಲ್ಲಿ ಅರಣ್ಯ ಇಲಾಖೆ ಹಕ್ಕಿಯನ್ನು ಒಯ್ದಿತು, ಆರಿಫ್ ಮೇಲೆ ಕೇಸಾಯಿತು. ಹಕ್ಕಿ ಕೊನೆಗೆ ಸೇರಿದ್ದು ಕಾನ್ಪುರದ ಮೃಗಾಲಯ. ಆತ ನೋಡಲು ಹೋದಾಗ ಅದು ಗುರುತು ಹಿಡಿದು ರೆಕ್ಕೆ ಬಡಿಯಿತು. ನೋಡಿದವರ ಕಣ್ಣು ತುಂಬಿತು.

ಯಾರದ್ದು ಸರಿ ಎಂದು ಈಗಲೂ ಜನ ವಾದ ಮಾಡ್ತಾರೆ. ಆರಿಫ್ ಕೈಗೆ ಸಿಗದಿದ್ದರೆ ಆ ಹಕ್ಕಿ ಹೊಲದಲ್ಲೇ ಸಾಯುತ್ತಿತ್ತು, ಅದು ಖಂಡಿತ. ಆದರೆ ಕಾಡಿಗೆ ಬಿಟ್ಟರೂ ಮನುಷ್ಯರನ್ನೇ ಹುಡುಕುವ ಹಕ್ಕಿಗೆ ಕಾಡಿನಲ್ಲಿ ಬಾಳು ಕಷ್ಟ, ಅದೂ ಅಷ್ಟೇ ಖಂಡಿತ. ಇನ್ನೊಬ್ಬ ಮನುಷ್ಯ ಕಲ್ಲು ಹಿಡಿದು ನಿಂತಿದ್ದರೂ ಅದು ನಂಬಿ ಹತ್ತಿರ ಹೋಗ್ತದೆ. ಮೊಟ್ಟೆಯೊಡೆದು ಬಂದ ಮರಿಗಳಲ್ಲಂತೂ ಇದು ಇನ್ನೂ ಗಟ್ಟಿ. ಬಾತುಮರಿಗಳು ಮೊದಲು ಕಂಡವರನ್ನೇ ತಾಯಿ ಎಂದುಕೊಂಡು ಹಿಂಬಾಲಿಸುವುದನ್ನು ವಿವರವಾಗಿ ಅಭ್ಯಾಸ ಮಾಡಿದ ಕೊನ್ರಾಡ್ ಲೊರೆನ್ಜ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಮುದ್ದಿನಿಂದ ಸಾಕಿದ ಮರಿಗೆ ತಾನು ಹಕ್ಕಿ ಎನ್ನುವುದೇ ಸರಿಯಾಗಿ ಗೊತ್ತಾಗದೆ ಹೋಗಬಹುದು.

ಕಾನೂನು ಇಲ್ಲಿ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಹಿಡಿಯುವುದು, ಮೊಟ್ಟೆ, ಗೂಡು ಹಾಳು ಮಾಡುವುದೂ ಬೇಟೆಯೇ. ಗಿಳಿಯನ್ನು ಪಂಜರದಲ್ಲಿ ಇಡುವುದೂ ಅಪರಾಧ, ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇಲ್ಲ. 1963ರಿಂದ ರಾಷ್ಟ್ರಪಕ್ಷಿಯಾದ ನವಿಲು ಒಂದನೇ ಶೆಡ್ಯೂಲಿನಲ್ಲಿದೆ. ಅದನ್ನು ಕೊಂದರೆ ಜೈಲು ತಪ್ಪಿದ್ದಲ್ಲ. ತೋಟದಲ್ಲಿ ತಾನಾಗಿ ಉದುರಿದ ಗರಿ ಹೆಕ್ಕಿ ತಂದರೆ ತೊಂದರೆ ಇಲ್ಲ.

ಬೆಳ್ಳೂರಿನವರ ದಾರಿ

ಹಾಗಾದರೆ ಹಕ್ಕಿಯನ್ನು ಪ್ರೀತಿಸುವುದು ಹೇಗೆ? ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ನೋಡಿ. ಊರ ನಡುವಿನ ಹುಣಸೆ ಮರಗಳಲ್ಲಿ, ಮನೆಗಳ ತಲೆಯ ಮೇಲೆಯೇ, ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ವಾಸನೆ, ಗಲಾಟೆ, ಹಿಕ್ಕೆ ಎಲ್ಲ ಇದ್ದದ್ದೇ. ಊರವರು ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು, ಹಕ್ಕಿಯನ್ನು ಹೆರಿಗೆಗೆ ತವರಿಗೆ ಬಂದ ಮಗಳು ಎಂದುಕೊಂಡರು. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು 'ಹೆಜ್ಜಾರ್ಲೆ ಬಳಗ'ದ ಹುಡುಗರು ಬೇಲಿಯೊಳಗೆ ಇಟ್ಟು, ಮೀನು ಹಾಕಿ ಬೆಳೆಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುತ್ತಾರೆ. ಹೆಸರಿಟ್ಟು ಮನೆಯೊಳಗೆ ಸೇರಿಸುವುದಿಲ್ಲ. 2007ರಲ್ಲಿ ಈ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ತವರಿಗೆ ಬಂದ ಮಗಳು ಎನ್ನುವುದು ಒಳ್ಳೆಯ ಮಾತು. ಚೆನ್ನಾಗಿ ನೋಡಿಕೊಳ್ಳುತ್ತೇವೆ, ಆದರೆ ಹೊರಡುವ ದಿನ ತಡೆಯುವುದಿಲ್ಲ. ನಮ್ಮ ಜಗಲಿಯ ಪಿಕಳಾರಕ್ಕೂ, ಅಕ್ಟೋಬರಿನ ನವರಂಗಕ್ಕೂ ಇದೇ ಲೆಕ್ಕ ಸಾಕಲ್ವಾ?

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ

* ಗಾಯವಾದ ಹಕ್ಕಿ ಸಿಕ್ಕಿದರೆ ರಟ್ಟಿನ ಪೆಟ್ಟಿಗೆ, ಕತ್ತಲೆ, ಮೌನ. ಹಾಲು, ಬ್ರೆಡ್, ಅನ್ನ ಬೇಡ. ಬಾಯಿಗೆ ನೀರು ಬಿಡುವುದು ಬೇಡವೇ ಬೇಡ.
* ಅರಣ್ಯ ಇಲಾಖೆಯ ಸಹಾಯವಾಣಿ 1926. ಹತ್ತಿರದ ವಲಯ ಅರಣ್ಯ ಕಚೇರಿಯ ನಂಬರನ್ನೂ ಮೊದಲೇ ಬರೆದಿಟ್ಟುಕೊಳ್ಳಿ.
* ಗೂಬೆ, ಹದ್ದಿನಂಥ ಹಕ್ಕಿಗಳಲ್ಲಿ ಕೊಕ್ಕಿಗಿಂತ ಉಗುರು ಅಪಾಯ. ದಪ್ಪ ಗೋಣಿ ಅಥವಾ ಟವೆಲ್ ಹಾಕಿಯೇ ಹಿಡಿಯಿರಿ.
* ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಒಂದೇ ಕಡೆ ಹಲವು ಸತ್ತು ಬಿದ್ದಿದ್ದರೆ ಪಶುವೈದ್ಯ ಇಲಾಖೆಗೆ ತಿಳಿಸಿ. ಹಕ್ಕಿಜ್ವರದ ಸುಳಿವು ಸಿಗುವುದು ಹಾಗೆಯೇ.
* ಹಳೆ ಮರ ಕಡಿಯುವ ಮೊದಲು ಪೊಟರೆ ನೋಡಿ. ಜನವರಿಯಿಂದ ಏಪ್ರಿಲ್ ವರೆಗೆ ಒಳಗೆ ಹೆಣ್ಣು ಮಂಗಟ್ಟೆ ಬಾಗಿಲು ಮುಚ್ಚಿಕೊಂಡು ಮೊಟ್ಟೆಗೆ ಕೂತಿರಬಹುದು. ಹೊರಗಿನಿಂದ ಗಂಡು ತಂದು ಕೊಡುವ ಹಣ್ಣಿನ ಮೇಲೆಯೇ ಅದರ ಜೀವ.

ನಿಮ್ಮ ಮನೆಗೂ ಇಂಥ ನೆಂಟರು ಬಂದಿದ್ದರೆ ಓದುಗರ ಅಂಕಣಕ್ಕೆ ಬರೆಯಿರಿ. ಯಾವ ಹಕ್ಕಿ, ಯಾವ ತಿಂಗಳು, ಎಂತ ಮಾಡಿದಿರಿ, ಅದು ಹೇಗೆ ಹೋಯಿತು ಎನ್ನುವುದನ್ನು ನಾಲ್ಕು ಸಾಲಿನಲ್ಲಿ ಹೇಳಿದರೂ ಸಾಕು. ಗೂಡಿನಲ್ಲಿ ಮರಿ ಇದ್ದರೆ ಫೋಟೋ ಕಳಿಸುವ ಅವಸರ ಬೇಡ, ಮರಿ ಹಾರಿದ ಮೇಲೆ ಖಾಲಿ ಗೂಡಿನದ್ದೇ ಕಳಿಸಿ.